ಬಿಸಿಯಾಗದ ಪೆಟ್ಟಿಗೆ

ಸಿದ್ದಕಟ್ಟೆಯ ಮಹಾಲಿಂಗೇಶ್ವರನನ್ನು ಊರಿನವರು ಮಾಲಿಂಗಣ್ಣ ಎನ್ನುತ್ತಾರೆ. ಮೂಡಬಿದಿರೆಯ ಒಂದು ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್. ಇಪ್ಪತ್ತೆಂಟು ವರ್ಷಗಳಿಂದ ಅವನ ಕೆಲಸ ಒಂದೇ: ಬೇರೆಯವರ ಪ್ರಯೋಗಕ್ಕೆ ತಂತಿ ಜೋಡಿಸುವುದು. ಮೀಟರಿನ ಮುಳ್ಳು ಅಲುಗದಿದ್ದರೆ ಉಪನ್ಯಾಸಕರು "ಮಾಲಿಂಗಣ್ಣಾ!" ಎಂದು ಕೂಗುತ್ತಾರೆ. ಅಲುಗಿದರೆ ಮಕ್ಕಳ ಕಡೆ ತಿರುಗಿ "ನೋಡಿ, ಇದು ಓಮನ ನಿಯಮ" ಎನ್ನುತ್ತಾರೆ. ಎಂದೋ ಸತ್ತ ಓಮನಿಗೆ ಸಿಕ್ಕಿದ ಹೆಸರು, ಎದುರಿಗೇ ಇಕ್ಕಳ ಹಿಡಿದು ನಿಂತವನಿಗೆ ಸಿಗಲಿಲ್ಲ.

ಹೀಗಾಗಿ ಐವತ್ತು ತುಂಬಿದ ದಿನ ಮಾಲಿಂಗಣ್ಣ ಒಂದು ಘೋರ ಪ್ರತಿಜ್ಞೆ ಮಾಡಿದ. ಸ್ವಂತ ಕೈಯಿಂದ ಒಂದು ಆಂಪ್ಲಿಫೈಯರ್ ಕಟ್ಟುತ್ತೇನೆ. ತನ್ನಲ್ಲಿರುವ ಹಳೆಯ ತಾಳಮದ್ದಳೆಗಳ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಧ್ವನಿಮುದ್ರಣವನ್ನು ಅದರಲ್ಲೇ ಕೇಳುತ್ತೇನೆ. ಸಾಯುವ ಮೊದಲು ಒಮ್ಮೆಯಾದರೂ ನಾಲ್ಕು ಜನರ ಎದುರು "ಇದು ನಾನು ಕಟ್ಟಿದ್ದು" ಎನ್ನುತ್ತೇನೆ. ಅವನಿಗೆ ಬೇಕಿದ್ದದ್ದು ಆ ಮೂರು ಪದಗಳು ಮಾತ್ರ.

ದಿಗ್ವಿಜಯ ಆರಂಭವಾಯಿತು. ಬೆಳ್ತಂಗಡಿಯ ಗುಜರಿ ಅಂಗಡಿಗೆ ದಂಡೆತ್ತಿ ಹೋಗಿ ಸತ್ತ ಸ್ಟೆಬಿಲೈಸರ್ ಒಂದನ್ನು ಸೆರೆ ಹಿಡಿದು ತಂದ. ಅದರ ಕಬ್ಬಿಣಕ್ಕೆ ಜಗಲಿಯಲ್ಲಿ ಕುಳಿತು, ಸುತ್ತು ಎಣಿಸುತ್ತ, ತಾನೇ ತಂತಿ ಸುತ್ತಿ ಟ್ರಾನ್ಸ್‌ಫಾರ್ಮರ್ ಮಾಡಿದ. ಎಣಿಕೆಯ ಮಧ್ಯೆ ಹೆಂಡತಿ ಪ್ರಫುಲ್ಲಾ "ಚಾ ಬೇಕಾ?" ಎಂದು ಕೇಳಿದ್ದಕ್ಕೆ ಎರಡು ಸಲ ಮೊದಲಿನಿಂದ ಸುತ್ತಬೇಕಾಯಿತು. ಮುಂಡಾಜೆಯ ಭಾವ ಕೃಷ್ಣಪ್ರಸಾದನ ಅಟ್ಟದಲ್ಲಿ ನಿದ್ರಿಸುತ್ತಿದ್ದ ಹಳೆಯ ರೇಡಿಯೋದ ಕಿವಿ ತಿರುಚಿ ವಾಲ್ಯೂಮ್ ತಿರುಗಿಸುವ ಎರಡು ಗುಬ್ಬಿಗಳನ್ನು ಕಪ್ಪವಾಗಿ ಪಡೆದ. ಹಲಸಿನ ಹಲಗೆಯಲ್ಲಿ ಪೆಟ್ಟಿಗೆಯಾಯಿತು, ಮೇಲೆ ಅಲ್ಯುಮಿನಿಯಂ ಮುಚ್ಚಳ ಬಂತು.

ಈ ಯುದ್ಧದಲ್ಲಿ ಅವನ ಸಾರಥಿ ಫಯಾಝ್. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಮೂವತ್ತು ವರ್ಷಗಳಿಂದ ಮೈಕ್ ಸೆಟ್ಟಿನ ಅಂಗಡಿ. ಮದುವೆಗೆ, ಉರೂಸಿಗೆ, ಭೂತಕೋಲಕ್ಕೆ, ಚುನಾವಣೆಗೆ, ಎಲ್ಲದಕ್ಕೂ ಒಂದೇ ನಿಷ್ಪಕ್ಷಪಾತದಿಂದ ಕಿವಿ ಕಿತ್ತುಹೋಗುವಂತೆ ಮೈಕ್ ಕಟ್ಟಿದವನು. ಬಿಡಿ ಭಾಗಗಳನ್ನು ಕೊಡುವುದಕ್ಕಿಂತ ದೊಡ್ಡ ಸೇವೆ ಒಂದನ್ನು ಅವನು ಮಾಲಿಂಗಣ್ಣನಿಗೆ ಮಾಡುತ್ತಿದ್ದ, ನಿಜ ಹೇಳುತ್ತಿದ್ದ. ಮಾಲಿಂಗಣ್ಣ ಏನೇ ಬೆಸುಗೆ ಹಾಕಿ ಹೊತ್ತು ತಂದರೂ ಫಯಾಝ್ ಕಣ್ಣು ಮುಚ್ಚಿ ಕೇಳಿ, "ಒಡೀತದೆ" ಅಥವಾ "ಸಪೂರ ಆಯ್ತು" ಎನ್ನುತ್ತಿದ್ದ. ಫಯಾಝನ ಕಿವಿ ಸುಳ್ಳು ಹೇಳುವುದಿಲ್ಲ ಎಂಬುದು ಮಾಲಿಂಗಣ್ಣನ ಪಾಲಿಗೆ ಓಮನ ನಿಯಮಕ್ಕಿಂತ ಗಟ್ಟಿ.

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ, ಫಯಾಝನ ಸಮ್ಮುಖದಲ್ಲಿ, ಮಾಲಿಂಗಣ್ಣನ ಚಾವಡಿಯಲ್ಲಿ ಆಂಪ್ಲಿಫೈಯರಿಗೆ ಪ್ರಾಣಪ್ರತಿಷ್ಠೆಯಾಯಿತು. ಪಾತ್ರ ವಹಿಸಿದ ಅರ್ಥಧಾರಿಯ ಮಾತು ಗುಡುಗಿನಂತೆ ಬಂತು. ಚೆಂಡೆಯ ಬಡಿತಕ್ಕೆ ಪ್ರಫುಲ್ಲಾಳ ಅಡುಗೆಮನೆಯ ತಟ್ಟೆಗಳು ತಾಳ ಹಾಕಿದವು. ಮಾಲಿಂಗಣ್ಣ ಎದೆಯುಬ್ಬಿಸಿ ಬಾಯಿ ತೆರೆದ. ಅಷ್ಟರಲ್ಲಿ ಅರ್ಥಧಾರಿ ಮಾತು ನಿಲ್ಲಿಸಿ ಒಂದು ಕ್ಷಣ ಉಸಿರೆಳೆದುಕೊಂಡ. ಆ ಮೌನದಲ್ಲಿ, ಪೆಟ್ಟಿಗೆಯೊಳಗಿನಿಂದ, ಕಣಜ ಹುಳುವಿನ ಹಾಗೆ:

ಗುಂಯ್.

ಫಯಾಝ್ ಕಣ್ಣು ತೆರೆದ. "ಮಾಲಿಂಗಣ್ಣ, ಚೂರು ಗುಂಯ್ ಉಂಟು."

ಮೂರು ಪದಗಳು ಗಂಟಲಲ್ಲೇ ಉಳಿದವು.

ಅಂದಿನಿಂದ ಗುಂಯ್ ವಿರುದ್ಧ ಮಹಾಸಮರ. ಕೆಪಾಸಿಟರ್ ಬದಲಾಯಿಸಿದ, ಗುಂಯ್. ತಂತಿಗಳನ್ನು ದೂರ ಸರಿಸಿದ, ಗುಂಯ್. ಟ್ರಾನ್ಸ್‌ಫಾರ್ಮರಿಗೆ ತಗಡಿನ ಕವಚ ತೊಡಿಸಿದ. ಕವಚದೊಳಗಿನಿಂದಲೂ ಗುಂಯ್. ಮಳೆಗಾಲವಿಡೀ ಯುದ್ಧ ನಡೆಯಿತು. ಅದರಿಂದ ಲಾಭವಾದದ್ದು ಪ್ರಫುಲ್ಲಾಳಿಗೆ ಮಾತ್ರ. ಜೂನ್ ಬಂತೆಂದರೆ ನಮ್ಮ ಕಡೆ ಬೆಂಕಿಪೊಟ್ಟಣ ತೇವ ಹಿಡಿದು ಗೀರಿದ ಕಡ್ಡಿಯ ತಲೆಯೇ ಕಳಚಿ ಬೀಳುತ್ತದೆ. ಆಂಪ್ಲಿಫೈಯರಿನ ಮುಚ್ಚಳವೋ, ಅರ್ಧ ಗಂಟೆ ಹಾಡಿಸಿದರೆ ಬೆಚ್ಚಗಾಗುತ್ತಿತ್ತು. ಪ್ರಫುಲ್ಲಾ ಅದರ ಮೇಲೆ ಬೆಂಕಿಪೊಟ್ಟಣ ಇಟ್ಟಳು. ಒಂದೇ ಗೀರಿಗೆ ಕಡ್ಡಿ ಭಗ್ಗೆಂದಿತು. ಮರುದಿನದಿಂದ ಮುಚ್ಚಳದ ಮೇಲೆ ಹಪ್ಪಳ ಏರಿತು, ಆಮೇಲೆ ಮಾಲಿಂಗಣ್ಣನ ಕಾಲುಚೀಲ.

"ಇದು ಸಂಗೀತದ ಪೆಟ್ಟಿಗೆ ಮಾರಾಯ್ತಿ, ಒಲೆ ಅಲ್ಲ!"

"ಹಾಡುವ ಪೆಟ್ಟಿಗೆ ಎಲ್ಲರ ಮನೆಯಲ್ಲಿಯೂ ಉಂಟು. ಹಪ್ಪಳ ಒಣಗಿಸುವುದು ನಮ್ಮಲ್ಲಿ ಮಾತ್ರ ಇರುವುದು," ಎಂದಳು ಅವಳು.

ದೀಪಾವಳಿಗೆ ಮಾಲಿಂಗಣ್ಣ ಶಸ್ತ್ರತ್ಯಾಗ ಮಾಡಿದ. ಆಂಪ್ಲಿಫೈಯರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಿ.ಸಿ. ರೋಡಿಗೆ ಒಯ್ದು ಫಯಾಝನ ಮೇಜಿನ ಮೇಲಿಟ್ಟ. "ನನ್ನಿಂದ ಆಗ್ಲಿಲ್ಲ ಫಯಾಝ್. ನೀನೊಮ್ಮೆ ನೋಡು."

ಹದಿನೈದು ದಿನದಲ್ಲಿ ಫಯಾಝನೇ ಅದನ್ನು ಆಟೋದಲ್ಲಿ ತಂದು ಒಪ್ಪಿಸಿದ. ಹಾಕಿದರು. ಅರ್ಥಧಾರಿ ಉಸಿರೆಳೆದುಕೊಂಡ. ಮೌನ. ನಿಷ್ಕಳಂಕವಾದ, ಶುದ್ಧವಾದ, ಕೆರೆಯ ತಳದಂಥ ಮೌನ.

"ಗುಂಯ್ ಇಲ್ಲ, ಮಾಲಿಂಗಣ್ಣ," ಎಂದ ಫಯಾಝ್, ಕಿಟಕಿಯ ಹೊರಗೆ ನೋಡುತ್ತ. "ಒಂದು ಬೆಸುಗೆ ಬಿಟ್ಟಿತ್ತು, ಅಷ್ಟೇ. ಕಟ್ಟಿದ್ದು ನೀವೇ, ನಂದೇನೂ ಇಲ್ಲ. ಇನ್ನು ಮುಚ್ಚಳ ಬಿಚ್ಚಬೇಡಿ."

ಬಿಚ್ಚುವ ಮಾತೇ ಇಲ್ಲ. "ಕೆಲಸ ಮಾಡುವುದನ್ನು ಬಿಚ್ಚಬಾರದು" ಎಂಬುದು ಲ್ಯಾಬಿನ ಗೋಡೆಯ ಮೇಲೆ ಮಾಲಿಂಗಣ್ಣನೇ ಕೈಯಾರೆ ಬರೆದು ಅಂಟಿಸಿದ ಶಾಸನ. ಫಯಾಝನಿಗೂ ಅದು ಗೊತ್ತಿತ್ತು.

ಆಮೇಲಿನ ಏಳು ತಿಂಗಳು ಸುವರ್ಣಯುಗ. ಬೇರೆಯವರು ಹಾಡು ಕೇಳಲು ನೆಂಟರನ್ನು ಕರೆಯುತ್ತಾರೆ. ಮಾಲಿಂಗಣ್ಣ ಮೌನ ಕೇಳಲು ಕರೆದ. ಮುಂಡಾಜೆಯಿಂದ ಕೃಷ್ಣಪ್ರಸಾದ ಬಂದಾಗ ಅವನನ್ನು ಸ್ಪೀಕರಿನ ಎದುರು ಕೂರಿಸಿ, ಏನನ್ನೂ ಹಾಡಿಸದೆ, ವಾಲ್ಯೂಮ್ ಪೂರ್ತಿ ಏರಿಸಿದ.

ಎರಡು ನಿಮಿಷ ಕಳೆಯಿತು. "ಎಂತದೂ ಕೇಳ್ತಾ ಇಲ್ವಲ್ಲ ಭಾವ?"

"ಅದನ್ನೇ ಕೇಳಿ!" ಎಂದ ಮಾಲಿಂಗಣ್ಣ. ಆಮೇಲೆ ಇಪ್ಪತ್ತೆಂಟು ವರ್ಷಗಳ ಬಾಕಿ ವಾಕ್ಯವನ್ನು ಹೇಳಿಯೇಬಿಟ್ಟ. "ಇದು ನಾನು ಕಟ್ಟಿದ್ದು."

ಚೆಂಡೆಯ ಪೆಟ್ಟು ಮೊದಲಿಗಿಂತ ಸಪೂರವಾಗಿದೆಯೇ ಎಂದು ಒಂದೆರಡು ಸಲ ಅನಿಸಿದ್ದು ಹೌದು. ತಟ್ಟೆಗಳೂ ಈಗ ತಾಳ ಹಾಕುತ್ತಿರಲಿಲ್ಲ. ಆದರೆ ಇಷ್ಟು ದಿನ ಗುಂಯ್ ಕೇಳಿ ನನ್ನ ಕಿವಿಯೇ ಕೆಟ್ಟಿರಬೇಕು ಎಂದುಕೊಂಡ. ಫಯಾಝ್ ಸರಿ ಎಂದ ಮೇಲೆ ಅಪೀಲಿಲ್ಲ.

ಈ ವರ್ಷ ಮಳೆ ಹಿಡಿದ ಎರಡನೆಯ ವಾರ. ಬೆಳಿಗ್ಗೆ ಪ್ರಫುಲ್ಲಾ ಬೆಂಕಿಪೊಟ್ಟಣ ಹಿಡಿದುಕೊಂಡು ಚಾವಡಿಗೆ ಬಂದಳು.

"ನಿಮ್ಮ ಪೆಟ್ಟಿಗೆಗೆ ಎಂತ ಆಗಿದೆ? ನಿನ್ನೆ ಮೂರು ಗಂಟೆ ಹಾಡಿದೆ. ಪೊಟ್ಟಣ ಮೇಲೆಯೇ ಇತ್ತು. ನೋಡಿ." ಗೀರಿದಳು. ಕಡ್ಡಿಯ ತಲೆ ಪುಡಿಯಾಗಿ ಉದುರಿತು. "ಹಪ್ಪಳವೂ ಹಾಗೆಯೇ, ಒದ್ದೆ ಚಿಂದಿ. ಹೋದ ವರ್ಷದ ಬಿಸಿ ಇಲ್ಲ."

ಮಾಲಿಂಗಣ್ಣ ಮುಚ್ಚಳದ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಆಂಪ್ಲಿಫೈಯರ್ ಹಾಡುತ್ತಿತ್ತು, ಮುಚ್ಚಳ ಬಾವಿಕಟ್ಟೆಯಷ್ಟು ತಣ್ಣಗಿತ್ತು. ಅವನು ಕಟ್ಟಿದ್ದು ಬಿಸಿಯಾಗದೆ ಇರಲು ಸಾಧ್ಯವೇ ಇಲ್ಲ. ಬಿಸಿಯಾಗುವುದು ಅದರ ಹುಟ್ಟುಗುಣ. ಭೌತಶಾಸ್ತ್ರ ತಪ್ಪಿರಬೇಕು, ಇಲ್ಲವೇ ಇನ್ನೇನೋ ತಪ್ಪಿರಬೇಕು. ಭೌತಶಾಸ್ತ್ರವೇ ತಪ್ಪಿರಲಿ ಎಂದು ಅವನು ಮನಸಾರೆ ಹಾರೈಸಿದ.

ತನ್ನ ಶಾಸನವನ್ನು ತಾನೇ ಮುರಿದು, ಸ್ಕ್ರೂಡ್ರೈವರ್ ತಂದು ಮುಚ್ಚಳ ಬಿಚ್ಚಿದ.

ಒಳಗೆ ಅಂಗೈಯಗಲದ ಒಂದು ಹಸಿರು ಬೋರ್ಡ್, ಬಿಸಿಯೇ ಆಗದ ಜಾತಿಯ ರೆಡಿಮೇಡ್ ಆಂಪ್ಲಿಫೈಯರ್. ಪಕ್ಕದಲ್ಲಿ ಲ್ಯಾಪ್‌ಟಾಪಿನದೊಂದು ಚಾರ್ಜರ್. ಅವನು ಸುತ್ತು ಎಣಿಸಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಇದ್ದ ಜಾಗದಲ್ಲಿ, ಹಳೆಯ ಬನಿಯನಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಪಟ್ಟಿಯಿಂದ ಅಲುಗದಂತೆ ಬಿಗಿದಿಟ್ಟ ಮನೆ ಕಟ್ಟುವ ಕೆಂಪು ಮುರಕಲ್ಲಿನ ಒಂದು ತುಂಡು.

ತೂಕಕ್ಕೆ.

ಬೋರ್ಡನ್ನು ಅವನು ಕ್ಷಮಿಸಬಹುದಿತ್ತು. ಬೋರ್ಡಿಗೆ ಏನಾದರೂ ಕಾರಣ ಹೇಳಬಹುದು. ಮುರಕಲ್ಲಿಗೆ ಏನು ಕಾರಣ? ಅವನ ಕೈಗೆ ಆ ಪೆಟ್ಟಿಗೆಯ ತೂಕ ಗೊತ್ತು ಎಂದು ಬಲ್ಲವನೊಬ್ಬ, ಕೂತು, ತಕ್ಕಡಿಯಲ್ಲಿ ತೂಗಿದ ಹಾಗೆ ಕೆತ್ತಿ ಇಟ್ಟ ಕಲ್ಲು ಅದು. ಕೃಷ್ಣಪ್ರಸಾದನ ಎದುರು ತಾನು ಹೇಳಿದ ಮೂರು ಪದಗಳು ಈ ಕಲ್ಲಿನ ಕುರಿತು ಎಂದು ನೆನೆದು ಮಾಲಿಂಗಣ್ಣನಿಗೆ ಕಿವಿಯವರೆಗೆ ಬಿಸಿಯಾಯಿತು. ಆ ಹೊತ್ತಿಗೆ ಬೆಂಕಿಪೊಟ್ಟಣವನ್ನು ಅವನ ಹಣೆಯ ಮೇಲಿಟ್ಟಿದ್ದರೆ ತಾನಾಗಿ ಹೊತ್ತಿಕೊಳ್ಳುತ್ತಿತ್ತು.

ಕಲ್ಲನ್ನು ಬಟ್ಟೆಚೀಲಕ್ಕೆ ಹಾಕಿ ಬಂಟ್ವಾಳದ ಬಸ್ಸು ಹತ್ತಿದ. ಕಂಡಕ್ಟರ್ ಪರಿಚಯದವನು. "ಎಂತ ಮಾಲಿಂಗಣ್ಣ, ಹಲಸಿನಹಣ್ಣಾ?"

"ಅಲ್ಲ. ಸ್ನೇಹ," ಎಂದ ಮಾಲಿಂಗಣ್ಣ.

ಫಯಾಝ್ ಕೌಂಟರಿನಲ್ಲಿ ವಯರ್ ಸುರುಳಿ ಸುತ್ತುತ್ತಿದ್ದ. ಮಾಲಿಂಗಣ್ಣ ಅವನ ಎದುರು ಕಲ್ಲನ್ನು ದೊಪ್ಪೆಂದು ಇಟ್ಟ. ಫಯಾಝ್ ಕಲ್ಲನ್ನು ನೋಡಿದ. ಬನಿಯನನ್ನು ನೋಡಿದ. ಅದು ಅವನದ್ದೇ.

"ಕೂತ್ಕೊಳ್ಳಿ ಮಾಲಿಂಗಣ್ಣ."

"ಕೂರಲಿಕ್ಕೆ ಬಂದದ್ದಲ್ಲ. ನನ್ನ ಟ್ರಾನ್ಸ್‌ಫಾರ್ಮರ್ ಎಲ್ಲುಂಟು?"

ಉತ್ತರ ಒಳಗಿನ ಕೋಣೆಯಿಂದ ಬರುತ್ತಿತ್ತು. ಪರದೆಯ ಹಿಂದೆ ಯಾವುದೋ ಹಳೆಯ ಹಾಡು ಸಣ್ಣಗೆ ನಡೆದಿತ್ತು. ಮಾಲಿಂಗಣ್ಣ ಪರದೆ ಸರಿಸಿದ. ಬಿಳಿ ತಗಡಿನ ಪೆಟ್ಟಿಗೆಯೊಂದರಲ್ಲಿ, ಮುಚ್ಚಳವೂ ಇಲ್ಲದೆ, ಅವನ ಆಂಪ್ಲಿಫೈಯರ್ ಕುಳಿತಿತ್ತು. ಅವನದೇ ಸುತ್ತು, ಅವನದೇ ಬೆಸುಗೆ. ಹಾಡು ಮುಗಿಯಿತು. ಮುಂದಿನದು ಶುರುವಾಗುವ ಮುನ್ನ ಎರಡು ಕ್ಷಣದ ಬಿಡುವು.

ಗುಂಯ್ ಇರಲಿಲ್ಲ.

ಮಾಲಿಂಗಣ್ಣ ಅಲ್ಲಿದ್ದ ಮೈಕ್ ಡಬ್ಬದ ಮೇಲೆ ಕುಳಿತ. ಹಾಡು ಶುರುವಾಯಿತು. ತಬಲಾ ಎದೆಗೇ ಬಂದು ಬಡಿಯಿತು. ತಾನು ಕಟ್ಟಿದ್ದು ಹೀಗೆ ಹಾಡುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಅದನ್ನು ಮೊದಲು ಕೇಳಿದವನು ಅವನಲ್ಲ.

"ಯಾವಾಗ ಸರಿ ಮಾಡಿದೆ?"

"ನಾನೆಂತ ಸರಿ ಮಾಡ್ಲಿಲ್ಲ," ಎಂದ ಫಯಾಝ್ ತಲೆ ತಗ್ಗಿಸಿ. "ತಂದ ದಿವಸವೇ ಇಲ್ಲಿ ಹಾಕಿ ನೋಡಿದೆ. ಗುಂಯ್ ಇರ್ಲೇ ಇಲ್ಲ. ತಪ್ಪು ಇದ್ರದ್ದಲ್ಲ ಮಾಲಿಂಗಣ್ಣ, ನಿಮ್ಮ ಮನೆಯದ್ದು. ಅರ್ತಿಂಗ್ ಹೋಗಿದೆ. ಆ ರೆಡಿಮೇಡ್ ಬೋರ್ಡಿಗಾದ್ರೆ ಅರ್ತ್ ಬೇಡ, ಇದಕ್ಕೆ ಬೇಕು."

"ಅದನ್ನು ಹೇಳಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ?"

"ಹೇಳುವ ಅಂತಲೇ ಇದ್ದೆ. ನಾಳೆ ಹೇಳುವ, ಇವತ್ತೊಂದು ಹಾಡು ಕೇಳುವ ಅಂತ. ನಾಳೆಯೂ ಹಾಗೇ. ಮೂವತ್ತು ವರ್ಷ ಮೈಕ್ ಕಟ್ಟಿ ಕಿವಿ ಸತ್ತಿದೆ ಅಂತ ಎಣಿಸಿದ್ದೆ. ಇದ್ರಲ್ಲಿ ಕೇಳಿದ ಮೇಲೆ ಕೊಡ್ಲಿಕ್ಕೆ ಮನಸ್ಸೇ ಬರ್ಲಿಲ್ಲ. ನನ್ನಾಣೆ, ಇಂಥದ್ದು ಈ ಬಂಟ್ವಾಳದಲ್ಲಿ ಇನ್ನೊಂದಿಲ್ಲ."

ಜೀವಮಾನದಲ್ಲಿ ಮಾಲಿಂಗಣ್ಣನಿಗೆ ಸಿಕ್ಕಿದ ಅತಿ ದೊಡ್ಡ ಹೊಗಳಿಕೆ ಅದು. ಹೊಗಳಿದವನು ಕಳ್ಳ. ಅದನ್ನು ಇಟ್ಟುಕೊಳ್ಳಬೇಕೋ ಎಸೆಯಬೇಕೋ ಅವನಿಗೆ ತಿಳಿಯಲಿಲ್ಲ. ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟ. ಕಲ್ಲನ್ನು ಅಲ್ಲೇ ಬಿಟ್ಟ.

ಮನೆಗೆ ಬಂದವನೇ ಹಿತ್ತಿಲಿಗೆ ಹೋದ. ಮನೆ ಕಟ್ಟಿದ ವರ್ಷ ಅವನೇ ತೋಡಿ, ಇದ್ದಿಲು, ಉಪ್ಪು ತುಂಬಿದ ಅರ್ತಿಂಗ್ ಗುಂಡಿ ಅಲ್ಲಿತ್ತು. ಈಗ ಅದರ ಮೇಲೆ ಬಟ್ಟೆ ಒಗೆಯುವ ಕಲ್ಲು ವಿರಾಜಮಾನವಾಗಿತ್ತು. ಗೋಡೆಯಿಂದ ಇಳಿದ ತಂತಿ ಗುಂಡಿಯ ಕಡೆಗೆ ತಿರುಗದೆ, ಎಡಕ್ಕೆ ಬಳುಕಿ, ಬಸಳೆ ಚಪ್ಪರದ ಕಂಬಕ್ಕೆ ಮೂರು ಸುತ್ತು ಸುತ್ತಿ ಗಂಟು ಹಾಕಿಕೊಂಡಿತ್ತು.

"ಪ್ರಫುಲ್ಲಾ!"

"ಅದಾ? ಕಲ್ಲು ಹಾಕಿಸುವಾಗ ತುಂಡಾಗಿ ಸುಮ್ಮನೆ ನೇತಾಡ್ತಾ ಇತ್ತು. ಗಟ್ಟಿ ತಂತಿ, ಬಿಸಾಡುವುದು ಯಾಕೆ ಅಂತ ಚಪ್ಪರಕ್ಕೆ ಕಟ್ಟಿದೆ. ಮೂರು ವರ್ಷ ಆಯ್ತಲ್ಲ?"

ಮೂರು ವರ್ಷ. ಅಂದರೆ ತನ್ನ ಆಂಪ್ಲಿಫೈಯರ್ ಭೂಮಿತಾಯಿಯ ಬದಲು ಬಸಳೆಗೆ ಜೋಡಿಸಲ್ಪಟ್ಟಿತ್ತು. ಗುಂಯ್ ವಿರುದ್ಧ ಹೋರಾಡಿ ಬಳಲಿದ ಭಾನುವಾರಗಳಲ್ಲೆಲ್ಲ ತಾನು ಅದೇ ಬಸಳೆಯ ಸಾರಿನಲ್ಲಿ ಬೆಂದ ಅಕ್ಕಿಯುಂಡೆ ಪುಂಡಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡಿದ್ದ. ಶತ್ರುವಿನ ಮನೆಯಲ್ಲಿ ಊಟ. ಮಕ್ಕಳಿಗೆ "ಮೊದಲು ಅರ್ತ್ ನೋಡಬೇಕು" ಎಂದು ಇಪ್ಪತ್ತೆಂಟು ವರ್ಷ ಹೇಳಿದವನು ಅರ್ತ್ ನೋಡಲೆಂದು ಸ್ವಂತ ಹಿತ್ತಿಲಿಗೆ ಒಂದು ಸಲವೂ ಬಂದಿರಲಿಲ್ಲ. ತನ್ನ ಕೈಯ ಕೆಲಸ ತಪ್ಪುವುದಿಲ್ಲ ಎಂಬ ಧೈರ್ಯ.

ಮುಂದಿನ ಭಾನುವಾರ ಗೇಟಿನ ಹತ್ತಿರ ಆಟೋ ನಿಂತಿತು. ಫಯಾಝ್ ಇಳಿದ, ಒಂದು ಗೋಣಿ ಇದ್ದಿಲು, ಒಂದು ಚೀಲ ಕಲ್ಲುಪ್ಪಿನ ಸಮೇತ. ಮಾಲಿಂಗಣ್ಣ ಹಾರೆಯನ್ನು ತಂದು ಅವನ ಕಾಲ ಬುಡದಲ್ಲಿ ಹಾಕಿದ.

"ಬಸಳೆ ಮುಟ್ಟಿದರೆ ನೋಡಿ ಮತ್ತೆ," ಎಂದು ಪ್ರಫುಲ್ಲಾ ಅಡುಗೆಮನೆಯಿಂದ ಎಚ್ಚರಿಸಿದಳು.

ಬಸಳೆಗೆ ನೋವಾಗದಂತೆ ಬೇರೆ ಕಡೆ ಗುಂಡಿ ಬಿತ್ತು. ಅಡಿಯಲ್ಲಿ ಮುರಕಲ್ಲಿನ ಪದರ. ಫಯಾಝ್ ಮಳೆಯಲ್ಲಿ ನೆನೆದು, ಏದುಸಿರು ಬಿಟ್ಟು ಅದನ್ನು ಅಗೆಯುವುದನ್ನು ಮಾಲಿಂಗಣ್ಣ ಕೊಡೆ ಹಿಡಿದು ನೋಡಿದ. ಕೊಡೆಯಡಿ ಇನ್ನೊಬ್ಬನಿಗೆ ಜಾಗವಿತ್ತು. ಕರೆಯಲಿಲ್ಲ.

ಚಾವಡಿಯಲ್ಲಿ ಹಲಸಿನ ಪೆಟ್ಟಿಗೆಯೊಳಗೆ ಅದರ ನಿಜವಾದ ಒಡೆಯನಾದ ಆಂಪ್ಲಿಫೈಯರ್ ಮರಳಿ ಕುಳಿತಿತ್ತು. ಹಾಕಿದರು. ಅರ್ಥಧಾರಿ ಗುಡುಗಿದ, ಅಡುಗೆಮನೆಯ ತಟ್ಟೆಗಳು ಬಹುಕಾಲದ ಮೇಲೆ ತಾಳ ಹಾಕಿದವು. ಆಮೇಲೆ ಉಸಿರೆಳೆದುಕೊಳ್ಳುವ ಆ ಕ್ಷಣ ಬಂತು.

ಫಯಾಝ್ ಕಣ್ಣು ಮುಚ್ಚಿ ಕೇಳಿದ. "ಗುಂಯ್ ಇಲ್ಲ, ಮಾಲಿಂಗಣ್ಣ."

ಮಾಲಿಂಗಣ್ಣನಿಗೂ ಕೇಳಿಸಿರಲಿಲ್ಲ. ಆದರೂ ಅವನು ಎದ್ದು ಬಂದು, ಫಯಾಝ್ ನೋಡುತ್ತಿದ್ದಂತೆಯೇ, ಮುಚ್ಚಳದ ಮೇಲೆ ಅಂಗೈ ಇಟ್ಟ. ಅದು ಬಿಸಿಯಾಗಲು ಅರ್ಧ ಗಂಟೆ ಬೇಕು. ಅಷ್ಟೂ ಹೊತ್ತು ಕೈ ತೆಗೆಯಲಿಲ್ಲ.