ಕೇಳುವ ಮೊದಲೇ ಸಿದ್ಧವಾಗುವ ಗೇರು

ನನ್ನ ಎಡಗಾಲಿಗೆ ವಿಪರೀತ ಜಂಬ, ಒಪ್ಪಿಕೊಳ್ಳುತ್ತೇನೆ. ಬಂಗಾರಪೇಟೆಯ ನನ್ನ ಡ್ರೈವಿಂಗ್ ಸ್ಕೂಲಿನಲ್ಲಿ ನೂರಾರು ಮಂದಿಗೆ ಕ್ಲಚ್ ಬಿಡುವ ತಾಳ್ಮೆ ಕಲಿಸಿದ ಕಾಲು ಅದು. ಈ ತಾಳ್ಮೆಯ ಹುಚ್ಚಿಗೂ ಕಾರಣವುಂಟು. ನಾನು ಚಿಕ್ಕವನಿದ್ದಾಗ ಅಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ತೀರಿಕೊಂಡರು. ಆಳಕ್ಕೆ ಇಳಿಸುವ ಲಿಫ್ಟು, ಅಂದರೆ ಕೇಜು, ಹೊರಡುವ ಗಂಟೆ ಬಾರಿಸಿದ ಮೇಲೂ ಅವಸರಪಟ್ಟು ಅದಕ್ಕೆ ಕಾಲಿಟ್ಟರಂತೆ. ಅಂದಿನಿಂದ ನಾನು ‘ಅವಸರದ ನಾರಾಯಣಪ್ಪನ ಮಗ’. ಆ ಹೆಸರು ಅಳಿಸಬೇಕೆಂದೇ ಊಟವನ್ನೂ ನಿಧಾನವಾಗಿ ಮಾಡುತ್ತೇನೆ, ಹೆಂಡತಿ ಬೈಯುತ್ತಾಳೆ.

ಮೊನ್ನೆ ಹಳೆಯ ಶಿಷ್ಯನೊಬ್ಬ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಕೊಂಡು, ಒಂದು ಸುತ್ತು ಹೋಗಿ ಬನ್ನಿ ಮೇಷ್ಟ್ರೇ ಎಂದು ಕೀಲಿ ಕೊಟ್ಟ. ಪಕ್ಕದಲ್ಲಿ ಮಾವನನ್ನು ಕೂರಿಸಿಕೊಂಡೆ. ಅದೇ ಗಣಿಯಲ್ಲಿ ಕೇಜು ಇಳಿಸಿ ಏರಿಸುವ ಎಂಜಿನ್ನಿಗೆ ಡ್ರೈವರಾಗಿದ್ದವರು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿ, ಮಗಳನ್ನೂ ಕೊಟ್ಟ ಪುಣ್ಯಾತ್ಮರು. ಕಾರಿನಲ್ಲಿ ನೋಡಿದರೆ ಕ್ಲಚ್ ಪೆಡಲೇ ಇಲ್ಲ. ನನ್ನ ಮಹಾಜ್ಞಾನಿ ಎಡಗಾಲು ಬ್ರೇಕನ್ನೇ ಕ್ಲಚ್ಚೆಂದು ತುಳಿದು ಎರಡು ಸಲ ಇಬ್ಬರೂ ಮುಗ್ಗರಿಸುವಂತೆ ಮಾಡಿತು.

ಗಣಿಯ ದಾರಿಯಲ್ಲಿ ಉರಿಗಾಂ ದಾಟುವಾಗ ಮಾವನಿಗೆ ಪಾಠ ಶುರು ಮಾಡಿದೆ. ಈ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್. ಒಂದು ಈಗಿನ ಗೇರನ್ನು ಓಡಿಸುತ್ತಿದ್ದರೆ, ಇನ್ನೊಂದರ ಕಡೆ ಮುಂದಿನ ಗೇರು ಆಗಲೇ ಸಿದ್ಧ. ನಾವು ಕೇಳುವ ಮೊದಲೇ ಅದು ಊಹಿಸಿ ಕೂತಿರುತ್ತದೆ. ನನಗೇ ಇನ್ನೂ ಹೊಳೆಯದ ನನ್ನ ಇಚ್ಛೆ ಸೀಟಿನ ಕೆಳಗೆ ಯಾರಿಗೋ ಗೊತ್ತಿದೆಯೆಂದರೆ, ನೀವೇ ಹೇಳಿ, ಮೈ ಜುಮ್ಮೆನ್ನುವುದಿಲ್ಲವೇ?

ಅಪ್ಪನ ಗಣಿಯ ಹಳೆಯ ಶಾಫ್ಟಿನ, ಕೇಜು ಇಳಿಯುತ್ತಿದ್ದ ಆ ಬಾವಿಯ ಹತ್ತಿರ ಕಾರು ನಿಲ್ಲಿಸಿದೆ. ಮಟಮಟ ಮಧ್ಯಾಹ್ನ, ಒಂದು ನರಪಿಳ್ಳೆಯೂ ಇಲ್ಲ. ತುಕ್ಕು ಹಿಡಿದ ಕಬ್ಬಿಣದ ಗೋಪುರದೊಳಗೆ ಗಾಳಿ ಸಣ್ಣಗೆ ನರಳುತ್ತಿತ್ತು. ನಾನು ಏನನ್ನೂ ಮುಟ್ಟದಿದ್ದರೂ ಕಾರಿನಡಿ ‘ಟಕ್’ ಎಂದಿತು. ಮಾವ ಬೆಚ್ಚಿದರು.

“ಅದು ಅಂದ್ಕಂಡಿದ್ದು ತಪ್ಪಾದ್ರೆ?”

ಒಂದು ಚೂರು ತಡವಾಗುತ್ತದೆ ಮಾವ, ಅಷ್ಟೇ ಎಂದೆ.

“ಅಷ್ಟೇನಾ,” ಎಂದು ಗೋಪುರದ ಕಡೆ ತಿರುಗಿದರು. ಆಮೇಲೆ ತಾವಾಗಿಯೇ ಹೇಳತೊಡಗಿದರು. ವರ್ಷಗಟ್ಟಲೆ ಅದೇ ಕೆಲಸ ಮಾಡಿ, ಕೇಜು ಬಿಡೆಂದು ಹೇಳುವ ಗಂಟೆ ಯಾವಾಗ ಬರುತ್ತದೆಂದು ಅವರ ಕೈಗೇ ಗೊತ್ತಾಗಿಬಿಟ್ಟಿತ್ತಂತೆ. ಕಿವಿಗಿಂತ ಕೈ ಮುಂದು.

“ಅವತ್ತು ಗಂಟೆ ಆಗೇ ಇರ್ಲಿಲ್ಲ ಕಣಪ್ಪ. ಕೈ ಮುಂಚೇನೇ ಲಿವರ್ ಎಳೀತು, ಕೇಜು ಓಯ್ತು. ಗಂಟೆ ಆಯ್ತು ಅಂತ ಇಚಾರಣೇಲಿ ಏಳ್ಬಿಟ್ಟೆ. ನಿಮ್ಮಪ್ಪ ಅವಸರ ಮಾಡ್ಲಿಲ್ಲ.”

ಗಂಟೆ ಹೊಡೆಯುವವನು, ಹೊಡೆದೆನೋ ಇಲ್ಲವೋ ಗಾಬರಿಯಲ್ಲಿ ನೆನಪಿಲ್ಲ ಎಂದನಂತೆ. ಹಾಗಾಗಿ ಇವರ ಮಾತೇ ನಿಂತಿತು. ಎಂಜಿನ್ ಗುರುಗುಟ್ಟುತ್ತಲೇ ಇತ್ತು.

‘ಹೋಗಲಿ ಬಿಡಿ ಮಾವ’ ಎಂಬ ಮಾತು ಬಾಯಲ್ಲಿ ಆಗಲೇ ಸಿದ್ಧವಾಗಿತ್ತು. ಅವರು ಹಾಕಿದ ಅನ್ನ, ಕೊಟ್ಟ ಮಗಳು, ಆ ಮುದಿ ಕೈ, ಎಲ್ಲ ಸೇರಿ ಅದನ್ನು ತಯಾರು ಮಾಡಿಟ್ಟಿದ್ದವು. ಆದರೆ ಅದು ನನ್ನ ಮನಸ್ಸಿನಿಂದ ನಿಜವಾಗಿ ಬಂದ ಮಾತೋ, ಬರಬಹುದೆಂಬ ಊಹೆಯೋ, ನನಗೆ ತಿಳಿಯಲಿಲ್ಲ.

“ಓಗೋಣ್ವಾ?” ಎಂದರು ಮಾವ.

“ಇನ್ನೂ ಇಲ್ಲ ಮಾವ,” ಎಂದು ಎಂಜಿನ್ ಆರಿಸಿದೆ. ಇಷ್ಟು ವರ್ಷ ಅಪ್ಪನನ್ನು ಬೈದುಕೊಂಡೇ ಬದುಕಿದವನು ನಾನು. ಮೊದಲು ಆ ಶಾಫ್ಟಿನ ಮುಂದೆ ನಿಂತು ಅಪ್ಪನಿಗೆ ತಪ್ಪಾಯಿತು ಎನ್ನಬೇಕಿತ್ತು.