ಕಾಕಾ ಕುದಿಸಿದ ಹಳದಿ ಹೂವು

೨೦೨೫ರ ಅಕ್ಟೋಬರ್ ೩೧, ಶುಕ್ರವಾರ, ಸಂಜೆ ಐದೂಮುಕ್ಕಾಲು. ಹೂವಿನ ಹಿಪ್ಪರಗಿಯಿಂದ ಕಾಕಾ ಉಪ್ಪಿನಕಾಯಿ ಭರಣಿಯೊಂದನ್ನು ಹಿಡಿದು ಇಂಡಿ ಪಟ್ಟಣದ ನಮ್ಮ ಮನೆಗೆ ಬಂದರು. ಹಿಂದಿನ ದಿನ ತಂಗಿ ಖೋಖೋ ಆಡುವಾಗ ಬಿದ್ದು, ಮೊಣಕಾಲ ಕೆಳಗೆ ಬಾವು ಬಂದು ಚರ್ಮ ತರಚಿತ್ತು. ಮಂಗಳವಾರ ಸಿಂದಗಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ಎರಡು ವರ್ಷದಿಂದ ಅವಳು ಕಾದದ್ದು ಆ ಒಂದು ದಿನಕ್ಕೆ.

ಕಾಕಾ ಅಪ್ಪನ ತಮ್ಮ, ನಿವೃತ್ತ ಮಾಸ್ತರರು. ಪುಸ್ತಕ ಓದಿ ಹೋಮಿಯೋಪಥಿ ಕಲಿತವರು. ಪೆಟ್ಟು ಬಿದ್ದವರಿಗೆಲ್ಲ ಅವರು ಕೊಡುವುದು ಅರ್ನಿಕಾ. ಅದು ಯುರೋಪಿನ ಬೆಟ್ಟಗಳಲ್ಲಿ ಬೆಳೆಯುವ, ಸೂರ್ಯಕಾಂತಿಯ ಕುಲದ ಹಳದಿ ಹೂವು. ಈ ಸಲ ಅಂಗಡಿಯದು ಬೇಡವೆಂದು, ಪುಸ್ತಕದ ಚಿತ್ರ ನೋಡಿ ತಮ್ಮೂರ ದಿಬ್ಬದ ಮೇಲೆ ಹೂವು ಕಿತ್ತು, ಕುಸುಬಿ ಎಣ್ಣೆಯಲ್ಲಿ ಕುದಿಸಿ ತಿಂಗಳಿನಿಂದ ಇಟ್ಟುಕೊಂಡಿದ್ದುದನ್ನು ತಂದಿದ್ದರು.

“ಕಾಕಾ, ಅದು ಬೆಟ್ಟದ ಹೂವಲ್ರಿ?” ಎಂದೆ.

“ದಿಬ್ಬ ಅಂದ್ರ ಮತ್ತೇನು? ಸಣ್ಣ ಬೆಟ್ಟ. ನೀ ಡೈರಿ ಬರಕೋತ ಕುಂದ್ರು.”

ಮುಚ್ಚಳ ತೆಗೆದರು. ಸತ್ತ ಇಲಿಯ ನಾತ. ಕರಿ ಹಸಿರು ಲೋಳೆಯ ಮೇಲೆ ಬೂದು ಬಣ್ಣದ ಕೆನೆ ಕಟ್ಟಿತ್ತು. ಅದನ್ನು ಬೆರಳಿನಿಂದ ತೋಡಿ, ತರಚಿದ ಗಾಯದ ಮೇಲೆಯೇ ಮೆತ್ತಿ, ಹಳೆಯ ಧೋತರದ ಅರಿವೆ ಸುತ್ತಿದರು.

“ಕಾಕಾ, ಇದರ ವಾಸನಿಗೇ ಎದುರಿನ ತಂಡದವ್ರು ಓಡಿ ಹೋಗ್ತಾರ ನೋಡ್ರಿ,” ಎಂದಳು ತಂಗಿ.

ಶನಿವಾರ ಬೆಳಿಗ್ಗೆ ಕಾಲ ತುಂಬ ಗುಳ್ಳೆ. ಅವ್ವ ಫೋನ್ ಮಾಡಿದಳು. “ವಿಷ ಹೊರಗ ಬೀಳಾಕತ್ತೈತಿ ವೈನಿ, ಚಲೋ ಲಕ್ಷಣ. ಇನ್ನೊಂದು ಸಲ ಹಚ್ರಿ,” ಎಂದರು ಕಾಕಾ. ಅವ್ವ ಹಚ್ಚಿದಳು. ಭಾನುವಾರ ಗುಳ್ಳೆ ಒಡೆದು, ಹಳದಿ ನೀರು ಸೋರಿ, ಅರಿವೆ ಚರ್ಮಕ್ಕೆ ಅಂಟಿತು. ಬಿಡಿಸಿದವಳು ನಾನು. ಅಂದು ನನಗೆ ಅನ್ನ ಸೇರಲಿಲ್ಲ.

ಸೋಮವಾರ ಡಾಕ್ಟರು ಮೂಗು ಮುಚ್ಚಿಕೊಂಡೇ ನೋಡಿದರು. “ಖರೇ ಅರ್ನಿಕಾ ಇದ್ರೂ ಹರಿದ ಚರ್ಮಕ್ಕ ಹಚ್ಚಬಾರದು. ಇದು ಯಾವ ಗಿಡ? ತಿಳಕೊಂಡು ಬರ್ರಿ.”

ಮಧ್ಯಾಹ್ನ ಹಿಪ್ಪರಗಿಗೆ ಹೋಗಿ ಕಾಕಾನನ್ನು ದಿಬ್ಬ ಹತ್ತಿಸಿದೆ. ಅಲ್ಲಿ ಎರಡು ಜಾತಿಯ ಹಳದಿ ಹೂವುಗಳಿದ್ದವು.

“ಇದ... ಅಲ್ಲಲ್ಲ, ಅದು.”

“ಯಾವುದ್ರಿ ಕಾಕಾ?”

“ಎರಡೂ ಹಾಕೇನಿ. ಹಳದಿ ಇದ್ದದ್ದೆಲ್ಲ ಒಂದ ಕುಲ ಅಲ್ಲೇನು?”

ಎದುರು ನಿಂತು ಆ ಮುಖ ನೋಡಲು ಮನಸ್ಸಾಗಲಿಲ್ಲ. ಎರಡೂ ಗಿಡದ ಟೊಂಗೆ ಮುರಿದುಕೊಂಡು ಬಸ್ ಹತ್ತಿದೆ. ಡಾಕ್ಟರಿಗೆ ಅವುಗಳ ಗುರುತು ಸಿಗಲಿಲ್ಲ.

ಮಂಗಳವಾರ ಸಿಂದಗಿಯಲ್ಲಿ ಆಯ್ಕೆ ನಡೆಯಿತು. ತಂಗಿ ದಿಂಬಿನ ಮೇಲೆ ಕಾಲಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಇಂದು ನವೆಂಬರ್ ೯. ಗಾಯ ಇನ್ನೂ ಒಣಗಿಲ್ಲ. ಬೆಳಿಗ್ಗೆ ಕಾಕಾ ಭರಣಿ ವಾಪಸ್ ಕೇಳಿದರು. ಬಾಗೇವಾಡಿಯಲ್ಲಿ ಯಾರಿಗೋ ಮೊಣಕಾಲು ನೋವಂತೆ. ಕೊಡಲಿಲ್ಲ. ಅದು ಹಿತ್ತಲಲ್ಲಿ ಕಲ್ಲಿನ ಕೆಳಗಿದೆ, ನಾತ ಇಲ್ಲಿಯವರೆಗೂ ಬರುತ್ತಿದೆ.

ಒಂದು ಗಿಡ ಮೊಣಕಾಲೆತ್ತರ, ಗರಗಸದಂಥ ಎಲೆ, ಮುರಿದರೆ ಕಟು ವಾಸನೆ. ಇನ್ನೊಂದು ನೆಲಕ್ಕೆ ಹಬ್ಬುತ್ತದೆ, ಎಲೆಯ ಮೇಲೆ ಒರಟು ರೋಮ. ಎರಡಕ್ಕೂ ಗುಂಡಿಯಷ್ಟು ಸಣ್ಣ ಹಳದಿ ಹೂವು. ಇವು ಏನೆಂದು ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ, ಡಾಕ್ಟರಿಗೆ ಹೇಳಬೇಕು.