ಐದು ಕಾಲೇಜುಗಳ ಲೀಗ್ ಮತ್ತು ಅಮ್ಮನ ಉದ್ದಿನ ವಡೆ

ಗಡಿ ಹಿಗ್ಗಿಸುವ ಆಸೆಯಿಂದಲೇ ಸಾಮ್ರಾಜ್ಯಗಳು ಅಳಿಯುತ್ತವೆ ಎಂದು ತಿಳಿದವರು ಹೇಳುತ್ತಾರೆ. ನಾನು ಕಣ್ಣಾರೆ ಕಂಡ ಸಾಮ್ರಾಜ್ಯದಲ್ಲಿ ಐದು ಕಾಲೇಜುಗಳೂ ಪಿಚ್ ಸಮ ಮಾಡುವ ಒಂದು ರೋಲರೂ ಇದ್ದವು. ಆ ರೋಲರ್ ಕೂಡ ಪಕ್ಕದ ಪಿನ್ನರ್ ಕಾಲೇಜಿನವರಿಂದ ಕಡ ತಂದದ್ದು. ಲಂಡನ್ನಿನ ಹ್ಯಾರೋದಲ್ಲಿದ್ದ ನಮ್ಮ ಹಳೆಯ ಮನೆಯನ್ನು ಮಾರುವ ಮುನ್ನ ಗರಾಜ್ ಖಾಲಿ ಮಾಡುತ್ತಿದ್ದಾಗ ಅಗಸೆ ಎಣ್ಣೆಯ ಡಬ್ಬಿ ಸಿಕ್ಕಿತು. ಅಪ್ಪ ಬ್ಯಾಟುಗಳಿಗೆ ಸವರುತ್ತಿದ್ದ ಎಣ್ಣೆ. ಜಿಗುಟಾಗಿ ತಳ ಹಿಡಿದಿತ್ತು, ವಾಸನೆ ಮಾತ್ರ ಹಾಗೇ ಇತ್ತು. ತೀರಿಕೊಂಡವರ ಮನೆಯನ್ನು ನೀವೂ ಖಾಲಿ ಮಾಡಿದ್ದರೆ ಬಲ್ಲಿರಿ, ಇಂಥ ಡಬ್ಬಿಗಳ ಮುಚ್ಚಳ ತೆಗೆಯಬಾರದು.

ಧಾರವಾಡದ ನಮ್ಮಪ್ಪ ಹ್ಯಾರೋದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಸಂಬಳ ಗಣಿತಕ್ಕೆ, ಜೀವ ಕಾಲೇಜಿನ ಕ್ರಿಕೆಟ್ ತಂಡಕ್ಕೆ. ಸುತ್ತಲಿನ ಐದು ಕಾಲೇಜುಗಳು ಸೇರಿ ಒಂದು ಪುಟ್ಟ ಲೀಗ್ ಮಾಡಿಕೊಂಡಿದ್ದವು. ಎಲ್ಲ ಮೈದಾನಗಳೂ ಒಂದೇ ಬಸ್ಸಿನ ದೂರ. ಪಂದ್ಯದ ನಡುವೆ ಎರಡೂ ತಂಡಗಳಿಗೆ ಚಹಾ ತಿಂಡಿ ಕೊಡುವುದು ಆತಿಥೇಯರ ಕೆಲಸ. ಬೇರೆಡೆ ಸೌತೆಕಾಯಿಯ ಸ್ಯಾಂಡ್‌ವಿಚ್. ನಮ್ಮ ಮೈದಾನ ನಮ್ಮ ಹಿತ್ತಿಲ ಬೇಲಿಗೆ ಅಂಟಿಕೊಂಡಿದ್ದರಿಂದ, ಮೈಸೂರಿನ ಅಮ್ಮನ ಉದ್ದಿನ ವಡೆ ಮತ್ತು ಚಿತ್ರಾನ್ನ. ಬೇಸಿಗೆಯ ಶನಿವಾರ ನಮ್ಮ ಮನೆಯಲ್ಲಿ ಅಗಸೆ ಎಣ್ಣೆ, ಕಾದ ಎಣ್ಣೆ, ಆಗಷ್ಟೇ ಕತ್ತರಿಸಿದ ಹುಲ್ಲು, ಹುಡುಗರ ಬೆವರಿದ ಕಾಲುಚೀಲ ಎಲ್ಲವೂ ಒಂದಾಗಿ ತುಂಬಿಕೊಳ್ಳುತ್ತಿದ್ದವು. ಚಹಾದ ನಂತರ ಎದುರಾಳಿಗಳು ಓಡುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಿದ್ದರು. ನಮ್ಮ ಗೆಲುವುಗಳಲ್ಲಿ ಅಮ್ಮನ ಪಾಲೆಷ್ಟು ಎಂದು ಗಣಿತದ ಮೇಷ್ಟ್ರು ಎಂದೂ ಲೆಕ್ಕ ಹಾಕಲಿಲ್ಲ. ಪಿನ್ನರ್ ತಂಡದ ಕೋಚ್ ಹ್ಯಾರಿಸ್ ಅಂಕಲ್ ಅಂತೂ ಸೋಲುವುದಕ್ಕೆಂದೇ ಬರುತ್ತಿದ್ದರೆಂದು ನನ್ನ ಗುಮಾನಿ.

ಆಗ ಇಡೀ ಲಂಡನ್ನಿನ ಕಾಲೇಜುಗಳ ದೊಡ್ಡ ಲೀಗ್ ಒಂದಕ್ಕೆ ಬೆಳೆಯುವ ಹಸಿವಾಯಿತು. ನಿಮ್ಮ ಐದೂ ಕಾಲೇಜುಗಳು ನಮ್ಮಲ್ಲಿ ಸೇರಿ, ನಿಮ್ಮನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚುತ್ತೇವೆ ಎಂದಿತು. ನಮ್ಮ ಪುಟ್ಟ ಲೀಗಿನ ನಿಯಮದಂತೆ ಒಬ್ಬರು ಬೇಡವೆಂದರೂ ಪ್ರಸ್ತಾಪ ಬಿದ್ದುಹೋಗಬೇಕು. ಅಪ್ಪ ಬೇಡವೆನ್ನಲು ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು. ದುರದೃಷ್ಟವೆಂದರೆ ಐದೂ ಕಾಲೇಜುಗಳ ಕೋಚ್‌ಗಳ ಸಭೆಯನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡರು. ಎಲ್ಲರ ಕೈಯಲ್ಲೂ ತಟ್ಟೆ. ಹ್ಯಾರಿಸ್ ಅಂಕಲ್ ವಡೆ ಮುರಿಯುತ್ತಲೇ ಪ್ರಸ್ತಾಪ ಓದಿ, ಯಾರದಾದರೂ ಆಕ್ಷೇಪ ಇದೆಯೇ ಎಂದು ಕೇಳಿದರು. ಅಪ್ಪ ಎದ್ದು ನಿಂತರು. ಎದ್ದವರು ಚಟ್ನಿಯ ಪಾತ್ರೆ ಎತ್ತಿಕೊಂಡು ಎಲ್ಲರಿಗೂ ಬಡಿಸುತ್ತ ಹೋದರು. ಪ್ರಸ್ತಾಪ ಅವಿರೋಧವಾಗಿ ಅಂಗೀಕಾರವಾಯಿತು.

“ಡ್ಯಾಡ್, ವೈ ಡಿಡಂಟ್ ಯು ಜಸ್ಟ್ ಸೇ ನೋ?” ಎಂದು ಮೆಟ್ಟಿಲ ಮೇಲಿಂದ ಕೇಳಿದೆ.

“ಮನೀಗೆ ಬಂದ ಮಂದಿ ಉಣ್ಣಾಕತ್ತಾಗ ಒಲ್ಲೆ ಅನ್ನೂದು ಹೆಂಗವಾ? ನಾಳೆ ಫೋನ್ ಮಾಡಿ ಹೇಳ್ತೀನಿ.”

“ನಾಳೆ ಯಾರು ಕೇಳ್ತಾರ್ರೀ?” ಎಂದರು ಅಮ್ಮ. “ಚಟ್ನಿ ಜೊತೆ ಒಂದು ಮಾತೂ ಬಡಿಸೋಕಾಗ್ಲಿಲ್ವಾ ನಿಮಗೆ?”

ಮರುದಿನ ಫೋನಿನಲ್ಲಿ ಹ್ಯಾರಿಸ್ ಅಂಕಲ್, “ಛೆ, ನಿನ್ನೆಯೇ ಹೇಳಬಾರದಿತ್ತೇ ಗೆಳೆಯಾ? ಪ್ರಿನ್ಸಿಪಾಲರು ಕೊಟ್ಟದ್ದನ್ನು ನಾನು ಓದಿದೆ ಅಷ್ಟೆ. ಯಾರಾದರೂ ಬೇಡವೆನ್ನಲಿ ಅಂತ ಕಾಯುತ್ತಿದ್ದೆ” ಎಂದರಂತೆ. ಅಪ್ಪ ಅದನ್ನು ನಮಗೆ ಹೇಳಿ ಗರಾಜಿಗೆ ಹೋಗಿ, ಆಗಲೇ ಎಣ್ಣೆ ಕುಡಿದಿದ್ದ ಬ್ಯಾಟುಗಳಿಗೆ ಮತ್ತೆ ಎಣ್ಣೆ ಸವರಿದರು.

ಮುಂದಿನ ಬೇಸಿಗೆ ಪಿನ್ನರಿನವರು ಒಂದು ವಿಭಾಗಕ್ಕೆ, ನಾವು ಇನ್ನೊಂದಕ್ಕೆ. ನಮ್ಮ ಎದುರಾಳಿಗಳೆಲ್ಲ ಲಂಡನ್ನಿನ ಆ ತುದಿಯಲ್ಲಿ, ರಾಮ್‌ಫರ್ಡಿನ ಕಡೆ. ಶನಿವಾರ ಅಂಗಡಿಗಳಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರು ಅಷ್ಟು ದೂರ ಬರಲೊಲ್ಲರು. ಮೂರು ಸಲ ತಂಡ ಹಾಜರಾಗದಿದ್ದರೆ ಲೀಗಿನಿಂದ ಹೊರಕ್ಕೆ. ಎರಡು ಸಲ ಆಗಿತ್ತು. ಮೂರನೆಯ ಶನಿವಾರ ಬೆಳಗ್ಗೆ ಅಪ್ಪ ಬಿಳಿ ಪ್ಯಾಂಟ್ ತೊಟ್ಟು ಹಜಾರದಲ್ಲಿ ನಿಂತು ಒಬ್ಬೊಬ್ಬ ಹುಡುಗನಿಗೂ ಫೋನ್ ಮಾಡಿದರು. ಹುಡುಗರ ಮುಂದೆ ಎಂದೂ ದನಿ ತಗ್ಗಿಸದ ಮನುಷ್ಯ “ಪ್ಲೀಸ್” ಎನ್ನುವುದನ್ನು ಕೇಳಲಾರದೆ ನಾನು ಟಿವಿಯ ಸದ್ದು ಹೆಚ್ಚಿಸಿದೆ. ಅಪ್ಪ ಪಕ್ಕದ ಮನೆಯ ಅಂಚೆಯಣ್ಣನನ್ನು ಕೇಳಿದರು, ಕಾಲೇಜಿನ ಪ್ರಯೋಗಾಲಯದ ಸಹಾಯಕನನ್ನು ಕೇಳಿದರು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

“ನನ್ನನ್ಯಾಕ್ರೀ ನೋಡ್ತೀರಾ? ನಾನೇನು ಪ್ಯಾಡ್ ಕಟ್ಕೋಬೇಕಾ?” ಎಂದರು ಅಮ್ಮ. ಯಾರೂ ನಗಲಿಲ್ಲ. ಎರಡೂ ತಂಡಗಳಿಗಾಗುವಷ್ಟು ವಡೆ ಕರಿದು ಸ್ಟೀಲ್ ಡಬ್ಬಿಗಳಿಗೆ ತುಂಬಿಟ್ಟಿದ್ದರು. ಆತಿಥೇಯರು ತಾವಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಬಂದವರು ಏಳು ಮಂದಿ. ಪಂದ್ಯ ನಡೆಯಲಿಲ್ಲ. ಆ ಸೋಮವಾರ ತಂಡವನ್ನು ಲೀಗಿನಿಂದ ತೆಗೆದುಹಾಕಿದರು.